ಕುಂಡಕ್ಕೆ ಒಗ್ಗದ ಮಲೆನಾಡಿನ ಮರಗಳು

ಮರವನ್ನು ಆಳವಿಲ್ಲದ ಕುಂಡದಲ್ಲಿ ನೆಟ್ಟು, ಬೇರನ್ನೂ ಕೊಂಬೆಯನ್ನೂ ಕಾಲಕಾಲಕ್ಕೆ ಕತ್ತರಿಸುತ್ತ, ಒಂದೆರಡು ಅಡಿಗಳ ಎತ್ತರದಲ್ಲಿಯೇ ಹಳೆಯ ಮರದ ಆಕಾರವನ್ನು ಬರಿಸುವ ಕಲೆಗೆ ಜಪಾನೀಯರು ಬೋನ್ಸಾಯ್ ಎಂದು ಹೆಸರಿಟ್ಟಿರುವರು. ತಟ್ಟೆಯಲ್ಲಿ ನೆಟ್ಟದ್ದು ಎಂಬುದೇ ಆ ಶಬ್ದದ ಅರ್ಥ. ಕಲೆಯ ಮೂಲವು ಚೀನಾ ದೇಶದ್ದು. 1625ರಿಂದ ಕುಂಡದಲ್ಲಿ ಬೆಳೆದು, 1945ರಲ್ಲಿ ಹಿರೋಷಿಮಾ ನಗರದ ಮೇಲೆ ಬಿದ್ದ ಅಣುಬಾಂಬಿಗೂ ಅಳಿಯದೆ, 1976ರಲ್ಲಿ ಅಮೆರಿಕಾ ದೇಶಕ್ಕೆ ಕಾಣಿಕೆಯಾಗಿ ಹೋದ ಪೈನ್ ಮರವೊಂದು ವಾಷಿಂಗ್‌ಟನ್ ನಗರದಲ್ಲಿರುವುದು. ಇಂತಹ ಸಂಗತಿಯನ್ನು ಕೇಳಿದವರಿಗೆ, ಯಾವ ಮರವನ್ನಾದರೂ ಕುಂಡದಲ್ಲಿ ಬೆಳೆಯಿಸಬಹುದೆಂದು ತೋರುವುದು ಸಹಜವೇ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಮರಗಳಲ್ಲಿ ಅನೇಕವು ಈ ಉಪಚಾರಕ್ಕೆ ಒಗ್ಗತಕ್ಕವಲ್ಲ. ಅದರ ಕಾರಣಗಳನ್ನು ಜಮೀನುದಾರರು ತಿಳಿದಿರುವುದು ಅಂಗಳದ ಅಲಂಕಾರಕ್ಕಿಂತ ಹೆಚ್ಚಿನ ಪ್ರಯೋಜನವುಳ್ಳದ್ದು. ಕುಂಡದಲ್ಲಿ ಗಿಡವನ್ನು ಕೊಲ್ಲುವ ಕಾರಣಗಳೇ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಯಿಸಿ ಜಮೀನಿನಲ್ಲಿ ನೆಟ್ಟ ಸಸಿಯನ್ನೂ ಕೆಡಿಸುವುದುಂಟು.

ಒಗ್ಗುವ ಮರಗಳನ್ನು ಮೊದಲು ನೋಡಿದರೆ ಒಗ್ಗದವುಗಳ ಸ್ವಭಾವವು ಸ್ಪಷ್ಟವಾಗುವುದು. ಆಲ, ಅರಳಿ, ಬಸರಿ, ಗೋಣಿ ಮರಗಳ ಬೀಜವು ಹಕ್ಕಿಯ ಹಿಕ್ಕೆಯೊಡನೆ ಹಳೆಯ ಗೋಡೆಯ ಬಿರುಕಿನಲ್ಲಿಯೋ ಮತ್ತೊಂದು ಮರದ ಕವಲಿನಲ್ಲಿಯೋ ಬಿದ್ದು ಮೊಳೆಯುವುದು. ಹಿಡಿ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಲ ಹಾಕುವುದು ಇವುಗಳ ಹುಟ್ಟುಗುಣ. ಜಂಬಿಟ್ಟಿಗೆಯ ನೆಲದ ಹಕ್ಕಲುಗಳಲ್ಲಿ ಬೆಳೆಯುವ ಕವಳೆ, ಕುಂಟುನೇರಳೆ ಗಿಡಗಳನ್ನು ದನಗಳೂ ಬೇಸಗೆಯ ಬೆಂಕಿಯೂ ಸೇರಿ ಕುಬ್ಜವಾಗಿಯೇ ಇಟ್ಟಿರುವುವು. ಕುಂಡಕ್ಕೆ ಬಂದರೂ ಅವುಗಳಿಗೆ ಹೊಸ ಕಷ್ಟವೇನೂ ಇರುವುದಿಲ್ಲ. ಕುಪ್ಪಳ್ಳಿಯ ಕವಿಮನೆಯ ಹಿಂದಣ ಗುಡ್ಡವನ್ನೇರಿ ಕವಿಶೈಲಕ್ಕೆ ಹೋಗುವವರು ಅಕ್ಕಪಕ್ಕದಲ್ಲಿ ಕಾಣುವ ಕಾಡಿನ ರೀತಿ ಬೇರೆ. ಅಲ್ಲಿ ಪ್ರತಿಯೊಂದು ಮರವೂ ಬೆಳಕಿಗಾಗಿ ನೆರೆಮರದೊಡನೆ ಹೋರಾಡಿ ನೆಟ್ಟಗೆ ಮೇಲಕ್ಕೇರಬೇಕು. ಹಾಗೆ ಏರುವ ಜಾತಿಯನ್ನು ತಟ್ಟೆಯಲ್ಲಿ ಕೂರಿಸುವುದು ಸುಲಭವಲ್ಲ.

ಅಡಿಕೆ, ತೆಂಗು, ಬೈನೆಗಳು ಇದಕ್ಕೆ ಸರ್ವಥಾ ಒಗ್ಗವು. ಇವುಗಳಿಗೆ ಇರುವ ಸುಳಿ ಒಂದೇ. ಸುಳಿ ಕೊಳೆತ ಮರ ಉಳಿಯದೆಂಬುದನ್ನು ತೋಟಗಾರರಿಗೆ ಹೇಳಿಕೊಡಬೇಕಾದುದಿಲ್ಲ; ಕೊಳೆತು ಹೋದರೂ ಕತ್ತರಿಯಿಂದ ಹೋದರೂ ಫಲ ಒಂದೇ. ಮೇಲಾಗಿ, ಮಾವು ಹಲಸುಗಳ ತೊಗಟೆಯ ಒಳಗೆ ವರ್ಷವರ್ಷವೂ ಹೊಸ ಮರವನ್ನು ಕಟ್ಟಿ, ಗಾಯವನ್ನು ಮುಚ್ಚುವ ಪದರವು ಇವುಗಳಲ್ಲಿ ಇಲ್ಲ. ತೆಂಗಿನಕಾಯಿಯ ಮೊಳಕೆಯನ್ನು ಸಿಪ್ಪೆ ಸುಲಿದು ಸಣ್ಣ ಎಲೆಗಳೊಡನೆ ಬಟ್ಟಲಿನಲ್ಲಿ ಇಡುವವರಿದ್ದಾರೆ. ನೋಡಲು ಚೆಂದವೇ ಸರಿ. ಆದರೆ ಅದು ಬೆಳೆಯಗೊಡದ ಮೊಳಕೆಯೇ ಹೊರತು ಕುಬ್ಜ ಮರವಲ್ಲ.

ತೇಗದ ತೊಡಕು ಎಲೆಯಲ್ಲಿದೆ, ಬೇರಿನಲ್ಲಲ್ಲ. ಹೆಬ್ಬೆರಳು ಗಾತ್ರದ ತೇಗದ ಸಸಿಯ ಕಾಂಡವನ್ನು ಒಂದೆರಡು ಅಂಗುಲವೂ ಬೇರನ್ನು ಆರೆಂಟು ಅಂಗುಲವೂ ಉಳಿಸಿ ಕತ್ತರಿಸಿ, ಆ ತುಂಡನ್ನು ಮಳೆಗಾಲದ ಮೊದಲಿನಲ್ಲಿ ನೆಡುವ ಪದ್ಧತಿಯು ನೆಡುತೋಪುಗಳಲ್ಲಿ ರೂಢಿಯಲ್ಲಿರುವುದು. ಅಷ್ಟು ಕಡಿತವನ್ನು ತಾಳುವ ಗಿಡವು ಕುಂಡದಲ್ಲಿ ಬದುಕುವುದಾದರೂ, ಎಳೆಯ ತೇಗದ ಎಲೆಯು ಒಂದರಿಂದ ಎರಡು ಅಡಿ ಉದ್ದವಿರುವುದು. ಎಲೆಗಳನ್ನು ಕಿತ್ತು ಕಿತ್ತು ಚಿಕ್ಕದು ಮಾಡಿದರೂ ಅದು ಎರಡಡಿಯ ಮರದ ಅಳತೆಗೆ ಇಳಿಯಲಾರದು.

ಹಲಸಿನಲ್ಲಿ ತೊಡಕುಗಳು ಒಂದರ ಮೇಲೊಂದು ಸೇರಿರುವುವು. ಬೀಜವು ಒಣಗಿದರೆ ಮೊಳೆಯುವುದಿಲ್ಲ. ಹಣ್ಣಿನಿಂದ ತೆಗೆದ ಕೆಲವೇ ವಾರಗಳಲ್ಲಿ ಬಿತ್ತಿಬಿಡಬೇಕು. ಮೊಳೆತ ಕೂಡಲೇ ತಾಯಿಬೇರು ನೆಟ್ಟಗೆ ಕೆಳಕ್ಕಿಳಿಯುವುದು. ಅದಕ್ಕೆ ಏಟು ಬಿದ್ದರೆ ಗಿಡವು ಬಾಡುವುದು. ಬೋನ್ಸಾಯ್ ಪದ್ಧತಿಯಾದರೋ ತಾಯಿಬೇರನ್ನು ಕತ್ತರಿಸುವುದರಿಂದಲೇ ಆರಂಭವಾಗತಕ್ಕದ್ದು. ಇನ್ನೊಂದು ಮಾತು: ಆರೈಕೆಯಿಂದ ಎಲೆಯು ಕಿರಿದಾದೀತು, ಹೂವೂ ಹಣ್ಣೂ ಕಿರಿದಾಗವು. ನಿಂಬೆಯಲ್ಲಿ ಇದು ಶೋಭೆಗೆ ಕಾರಣ. ಬೊಡ್ಡೆಯ ಮೇಲೆಯೇ ಹಣ್ಣು ಬಿಡುವ ಹಲಸಿನಲ್ಲಿ ಏನಾದೀತೆಂಬುದನ್ನು ಊಹಿಸಿ ನಕ್ಕರೆ ಸಾಕು.

ಮಲೆನಾಡಿನ ರಸ್ತೆಗಳ ಬದಿಯಲ್ಲಿ ಸಾಲುಮರವಾಗಿ ನಿಂತಿರುವ ಧೂಪದ ಬೀಜವೂ ಒಣಗುವುದನ್ನು ಸಹಿಸದು. ಮಳೆಗಾಲದ ಆರಂಭದಲ್ಲಿ ಉದುರಿದ್ದನ್ನು ಹಸಿಯಾಗಿಯೇ ಬಿತ್ತಬೇಕು. ಅದರ ಎಳೆಸಸಿಗೆ ನೆರಳೂ ತಂಪು ಗಾಳಿಯೂ ಬೇಕು. ಬಯಲುಸೀಮೆಯ ಮನೆಯ ಜಗಲಿಗೆ ಅದನ್ನು ಒಯ್ದವರು ಎಷ್ಟು ನೀರೆರೆದರೂ ಬೇಸಗೆಯ ಒಣಗಾಳಿಗೆ ಎಲೆಯಂಚು ಸೀಯುವುದನ್ನು ತಡೆಯಲಾರರು.

ಇವೆಲ್ಲಕ್ಕಿಂತ ಕಠಿನವೂ ಮೋಸಗೊಳಿಸುವಂಥದೂ ಶ್ರೀಗಂಧ. ಇದರ ಎಲೆ ಚಿಕ್ಕದು, ಕೊಂಬೆ ತೆಳು, ಚಿಗುರು ಧಾರಾಳ. ಕಣ್ಣಿಗೆ ಇದಕ್ಕಿಂತ ತಕ್ಕ ಗಿಡವಿಲ್ಲವೆಂದು ತೋರುವುದು. ಬೀಜದಿಂದೆದ್ದ ಸಸಿಯು ಕೆಲವು ತಿಂಗಳು ಚೆನ್ನಾಗಿಯೇ ಬೆಳೆಯುವುದು. ಅನಂತರ ಎಲೆ ಹಳದಿಯಾಗಿ, ಚಿಗುರು ನಿಂತು, ಗಿಡವು ಕ್ಷೀಣಿಸುವುದು. ಸಾಕಿದವರು ಗೊಬ್ಬರ ಸಾಲದೆಂದು ಮತ್ತಷ್ಟು ಹಾಕುವರು, ನೀರು ಸಾಲದೆಂದು ಮತ್ತಷ್ಟು ಎರೆಯುವರು. ನೀರು ನಿಂತರೆ ಗಂಧದ ಬೇರು ಕೊಳೆಯುವುದಾದ್ದರಿಂದ ಸಾವು ಬೇಗನೆ ಬರುವುದು. ನಿಜವಾದ ಕಾರಣವು ಮಣ್ಣಿನೊಳಗಿದೆ. ಶ್ರೀಗಂಧವು ಅರೆಪರಾವಲಂಬಿ. ಎಲೆಗಳಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ, ನೀರನ್ನೂ ಲವಣಗಳನ್ನೂ ಬಹುಮಟ್ಟಿಗೆ ನೆರೆಗಿಡಗಳ ಬೇರಿಗೆ ತನ್ನ ಹೀರುಬೇರುಗಳನ್ನು ಕಚ್ಚಿಸಿ ಪಡೆಯುವುದು. ಈ ಗುಣವನ್ನು ಜಾನ್ ಸ್ಕಾಟ್ ಎಂಬವರು 1871ರಲ್ಲಿ ಪ್ರಕಟಪಡಿಸಿದರು. ಒಂಟಿಯಾಗಿ ಕುಂಡದಲ್ಲಿಟ್ಟ ಗಂಧವು ಬೀಜದ ಗಂಟು ಕರಗಿದ ಮೇಲೆ ಉಪವಾಸವಿರುವ ಗಿಡವೆಂದೇ ತಿಳಿಯಬೇಕು.

ಹಾಗಾದರೆ ಆಸರೆಯ ಗಿಡವನ್ನೂ ಅದೇ ಕುಂಡದಲ್ಲಿ ಇಟ್ಟರಾಗದೆ? ಸಸಿಮಡಿಗಳಲ್ಲಿ ಮಾಡುವುದು ಅದನ್ನೇ. ತೊಗರಿಯನ್ನೋ ಹೊನಗೊನೆಯನ್ನೋ ಜೊತೆಗೆ ಬೆಳೆಯಿಸುವರು. ಒಂದೆರಡು ವರ್ಷಕ್ಕೆ ಇದು ಸಾಕು. ಬೋನ್ಸಾಯ್‌ನ ಲೆಕ್ಕ ದಶಕಗಳದ್ದು. ಆಳವಿಲ್ಲದ ತಟ್ಟೆಯಲ್ಲಿ ಆಸರೆಯು ಬಲಿತರೆ ಗಂಧವನ್ನು ಮುಚ್ಚುವುದು, ಹೆಚ್ಚು ಸವರಿದರೆ ತಾನೂ ಸೊರಗಿ ಗಂಧವನ್ನೂ ಸೊರಗಿಸುವುದು. ಮಣ್ಣು ಬದಲಿಸಿ ಬೇರು ಕತ್ತರಿಸುವಾಗಲೆಲ್ಲ ಹೀರುಬೇರುಗಳ ಹಿಡಿತವು ಕಡಿದುಹೋಗುವುದು. ಪ್ರತಿಸಲವೂ ಅದು ಹೊಸದಾಗಿ ಆಸರೆಯನ್ನು ಹಿಡಿಯಬೇಕು.

ಬೀಜದಿಂದ ಬೆಳೆಯಿಸುವ ತಾಳ್ಮೆಯಿಲ್ಲದವರು ಕಾಡಿನಿಂದಲೂ ಹಕ್ಕಲಿನಿಂದಲೂ ಹಳೆಯ ಗಿಡಗಳನ್ನು ಅಗೆದು ಒಯ್ಯಲು ಬರುವುದುಂಟು. ಕಾಯ್ದಿಟ್ಟ ಅರಣ್ಯದಿಂದ ಹೀಗೆ ಅನುಮತಿಯಿಲ್ಲದೆ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ. ಸ್ವಂತ ಜಮೀನಿನಲ್ಲಿಯೂ ಅದಕ್ಕೆ ಒಪ್ಪಿಗೆ ಕೊಡುವ ಮೊದಲು, ಹಾಗೆ ಕಿತ್ತ ತಾಯಿಬೇರಿನ ಗಿಡಗಳಲ್ಲಿ ಬದುಕುವುವು ತೀರ ಕಡಿಮೆಯೆಂಬುದನ್ನು ಯೋಚಿಸತಕ್ಕದ್ದು. ದೊರೆಯುವ ಹಣ ಅಲ್ಪ, ಮೂವತ್ತು ವರ್ಷದ ಗಿಡ ಮತ್ತೆ ಬರುವುದಿಲ್ಲ.

ಜಮೀನಿನಲ್ಲಿ ಮರ ಬೆಳೆಯಿಸುವವರು ಮೇಲಿನ ಸ್ವಭಾವಗಳನ್ನೇ ಅನುಸರಿಸಿ ನಡೆಯಬೇಕು. ಚೀಲದ ತಳದಲ್ಲಿ ಸುತ್ತಿಕೊಂಡ ತಾಯಿಬೇರು ನೆಲದಲ್ಲಿ ನೆಟ್ಟ ಮೇಲೂ ಸುತ್ತಿಕೊಂಡೇ ಬಲಿಯುವುದು. ಅಂಥ ಮರವು ಎಷ್ಟೋ ವರ್ಷಗಳ ಮೇಲೆ ಆಷಾಢದ ಗಾಳಿಗೆ ಬುಡಸಹಿತ ಉರುಳುವುದು. ಆದಕಾರಣ ಹಲಸನ್ನು ಬೀಜದಿಂದ ಬೆಳೆಯಿಸುವುದಾದರೆ ನಿಲ್ಲಬೇಕಾದ ಗುಂಡಿಯಲ್ಲಿಯೇ ಎರಡು ಮೂರು ಹಸಿಬೀಜಗಳನ್ನು ಬಿತ್ತಿ, ಬಲವಾದ ಒಂದನ್ನು ಉಳಿಸಿಕೊಳ್ಳಬೇಕು. ಚೀಲದ ಸಸಿಯನ್ನೇ ಕೊಂಡರೆ ನೆಡುವ ಮೊದಲು ತಳವನ್ನು ಸೀಳಿ ನೋಡಿ, ಬೇರು ಸುರುಳಿಯಾಗಿರುವುದನ್ನು ಬಿಟ್ಟುಬಿಡಬೇಕು. ಶ್ರೀಗಂಧವು 2001ರ ತಿದ್ದುಪಡಿಯಾದಂದಿನಿಂದ ಜಮೀನುದಾರನದೇ ಸ್ವತ್ತಾಗಿರುವುದು. ಕಡಿಯುವುದಕ್ಕೂ ಸಾಗಿಸುವುದಕ್ಕೂ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಅದನ್ನು ನೀರು ನಿಲ್ಲದ ಇಳಿಜಾರಿನಲ್ಲಿ ನೆಟ್ಟು, ಮೊದಲ ಮಳೆಗೇ ಪಕ್ಕದಲ್ಲಿ ತೊಗರಿಯನ್ನು ಬಿತ್ತಿ, ತೊಗರಿಯ ಆಯುಷ್ಯ ಮುಗಿಯುವುದರೊಳಗೆ ಹಿಡಿದುಕೊಳ್ಳಲು ಗಾಳಿಮರದಂತಹ ಬಹುಕಾಲದ ಆಸರೆಯನ್ನು ಕೆಲವು ಅಡಿ ದೂರದಲ್ಲಿ ಎಬ್ಬಿಸಿರಬೇಕು.