ಇಸ್ತ್ರಿ ಅಂಗಿ ಮಾಸದಂತೆ ಸೈಕಲ್‌ನಲ್ಲಿ ಆಫೀಸಿಗೆ

ಬೆಂಗಳೂರಿನಲ್ಲಿ ಸೈಕಲ್ ತುಳಿದು ಆಫೀಸಿಗೆ ಹೋಗುವ ಆಸೆ ಬಹಳ ಜನರಿಗಿದೆ. ಹಿಂಜರಿಕೆಗೆ ಟ್ರಾಫಿಕ್ ಒಂದೇ ಕಾರಣವಲ್ಲ. ಮೈತುಂಬ ಪಟ್ಟಿ, ಪ್ಯಾಡು, ಹಳದಿ ಜಾಕೆಟ್ ಹೇರಿಕೊಂಡು ಬೆವರು ಸುರಿಸುತ್ತ ಮೀಟಿಂಗಿನಲ್ಲಿ ಕೂರುವುದು ಹೇಗೆ ಎಂಬ ಮುಜುಗರವೂ ಸೇರಿದೆ. ಇದಕ್ಕೆ ದಾರಿ ಇದೆ: ಸುರಕ್ಷತೆಯ ಹೊಣೆಯನ್ನು ಆದಷ್ಟೂ ಸೈಕಲ್ಲಿಗೇ ವಹಿಸಿ, ಮೈಮೇಲೆ ಕಡಿಮೆ ಇಟ್ಟುಕೊಳ್ಳಿ.

ಮೊದಲು ಸೈಕಲ್

ಅಂಗಡಿಯಲ್ಲಿ ಮಿರಿಮಿರಿ ಮಿಂಚುವ ಗೇರ್ ಸೈಕಲ್‌ಗಳಿಗೆ ಸಾಮಾನ್ಯವಾಗಿ ಮಡ್‌ಗಾರ್ಡ್, ಚೈನ್ ಕವರ್, ಕ್ಯಾರಿಯರ್ ಇರುವುದಿಲ್ಲ. ಹಳೆಯ ಕಪ್ಪು ಸೈಕಲ್ಲಿಗೆ ಮೂರೂ ಇದ್ದವು. ಬಿಳಿ ಪಂಚೆಯ ಮೇಷ್ಟ್ರು ಅದರ ಮೇಲೇ ಶಾಲೆಗೆ ಹೋಗಿಬರುತ್ತಿದ್ದರು. ಈ ಮೂರನ್ನೂ ಬೇರೆಯಾಗಿ ಕೊಂಡು ಹಾಕಿಸಿ. ಸೀರೆ ಉಡುವವರು ನಡುವೆ ಅಡ್ಡ ಕಂಬಿಯಿಲ್ಲದ ‘ಲೇಡೀಸ್ ಸೈಕಲ್’ ಆರಿಸಿ, ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಕೂರಿಸಿಕೊಳ್ಳಬೇಕು. ದುಪಟ್ಟಾವನ್ನು ಅಡ್ಡಲಾಗಿ ಹಾಕಿ ಸೊಂಟಕ್ಕೆ ಗಂಟು ಕಟ್ಟಿ. ಇಳಿಬಿಟ್ಟ ದುಪಟ್ಟಾ ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಉರುಳು.

ಲ್ಯಾಪ್‌ಟಾಪ್ ಬ್ಯಾಗು ಬೆನ್ನಿಗೆ ಬೇಡ. ಅಂಗಿ ಒದ್ದೆಯಾಗುವುದು ಹೆಚ್ಚಾಗಿ ಅಲ್ಲಿಂದಲೇ. ಕ್ಯಾರಿಯರ್‌ನ ಪಕ್ಕಕ್ಕೆ ತೂಗುವ ಚೀಲಕ್ಕೆ ಹಾಕಿ.

ಕಾಣುವುದು ಹೇಗೆ

ಇಲ್ಲಿ ಹೆಚ್ಚಿನವರು ತಪ್ಪು ತಿಳಿದಿದ್ದಾರೆ. ಕಣ್ಣು ಕುಕ್ಕುವ ಫ್ಲೋರೊಸೆಂಟ್ ಹಳದಿ ಕೆಲಸ ಮಾಡುವುದು ಹಗಲು ಬೆಳಕಿನಲ್ಲಿ. ಕತ್ತಲಾದ ಮೇಲೆ ಅದರ ಆಟ ನಡೆಯದು. ಆಗ ಬೇಕಾದದ್ದು ಹೆಡ್‌ಲೈಟಿನ ಬೆಳಕನ್ನು ಬಂದ ಕಡೆಗೇ ತಿರುಗಿಸಿ ಕಳಿಸುವ ರಿಫ್ಲೆಕ್ಟರ್ ಪಟ್ಟಿ. ಅದನ್ನು ಬೆನ್ನಿಗಿಂತ ಕಣಕಾಲಿಗೆ ಕಟ್ಟಿಕೊಳ್ಳುವುದು ಜಾಣತನ. ಪೆಡಲ್ ಜೊತೆ ಮೇಲೆ ಕೆಳಗೆ ಆಡುವ ಹೊಳಪನ್ನು ಕಂಡ ಕೂಡಲೇ ಹಿಂದಿನ ಚಾಲಕನಿಗೆ ಅದು ಸೈಕಲ್ ಎಂದು ಹೊಳೆಯುತ್ತದೆ. ಪ್ಯಾಂಟಿನ ಅಂಚು ಚೈನಿಗೆ ಸಿಗದಂತೆ ಹಿಡಿಯುವುದೂ ಅದೇ ಪಟ್ಟಿ. ಆಫೀಸು ತಲುಪಿದ ಮೇಲೆ ಬಿಚ್ಚಿ ಜೇಬಿಗೆ ಹಾಕಿದರೆ ಮುಗಿಯಿತು.

ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ಕೆಂಪು ದೀಪವನ್ನು ಸೀಟಿನ ಕೆಳಗೆ ಹಾಕಿದರೆ ಉದ್ದನೆಯ ರೇನ್‌ಕೋಟು ಅದನ್ನು ಮುಚ್ಚಿಬಿಡುತ್ತದೆ. ಕ್ಯಾರಿಯರ್‌ನ ತುದಿಗೆ ಹಾಕಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಸಂಜೆಗಳ ಮಳೆ ಸರಿಯಾಗಿ ಆಫೀಸು ಬಿಡುವ ಹೊತ್ತಿಗೇ ಹಿಡಿಯುವುದುಂಟು. ಸೊಂಟದವರೆಗಿನ ಮಳೆ ಜಾಕೆಟ್ ಇದ್ದರೆ ಇನ್ನೂ ವಾಸಿ.

ಹೆಲ್ಮೆಟ್

ಮೋಟಾರು ವಾಹನ ಕಾಯ್ದೆಯ ಹೆಲ್ಮೆಟ್ ನಿಯಮ ಸೈಕಲ್ಲಿಗೆ ಅನ್ವಯಿಸುವುದಿಲ್ಲ. ಕಾನೂನು ಕೇಳದಿದ್ದರೂ ಹಾಕಿಕೊಳ್ಳಿ. ಬೈಕಿನ ಹೆಲ್ಮೆಟ್ ಭಾರ, ಸೆಕೆ. ಗಾಳಿಯಾಡುವ ಸೈಕಲ್ ಹೆಲ್ಮೆಟ್ಟೇ ಬೇಕು. ಹುಬ್ಬಿನ ಮೇಲೆ ಟೇಪು ಹಿಡಿದು ತಲೆಯ ಸುತ್ತಳತೆ ನೋಡಿಕೊಂಡು ಕೊಳ್ಳಿ. ಒಳಗಿನ ಲೇಬಲ್ಲಿನಲ್ಲಿ ಇಎನ್ 1078 ಅಥವಾ ಸಿಪಿಎಸ್‌ಸಿ ಎಂಬ ಸುರಕ್ಷತಾ ಮಾನದಂಡದ ಗುರುತಿರಲಿ. ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು, ಗಲ್ಲದಡಿ ಒಂದೆರಡು ಬೆರಳು ಮಾತ್ರ ತೂರಬೇಕು. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ಟನ್ನು ಮತ್ತೆ ಬಳಸಬೇಡಿ. ಒಳಗಿನ ಫೋಮು ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ.

ಕೂದಲಿನ ಚಿಂತೆಯೇ? ಎತ್ತರದ ತುರುಬಿನ ಮೇಲೆ ಹೆಲ್ಮೆಟ್ ನೆಟ್ಟಗೆ ಕೂರದು, ಕುತ್ತಿಗೆಯ ಬಳಿ ಸಡಿಲ ಜಡೆ ಹಾಕಿ. ಮಲ್ಲಿಗೆ ಚೀಲದಲ್ಲಿರಲಿ, ಆಫೀಸಿನಲ್ಲಿ ಮುಡಿದರಾಯಿತು. ಹೆಲ್ಮೆಟ್ಟಿನ ಬಣ್ಣ ನಿಮ್ಮಿಷ್ಟ, ಕಪ್ಪೊಂದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಬೆವರು

ಬೆಂಗಳೂರು, ಮೈಸೂರಿನ ತಂಪು ಬೆಳಗಿನಲ್ಲಿ ಆರೇಳು ಕಿಲೋಮೀಟರನ್ನು ಆಫೀಸ್ ಉಡುಪಿನಲ್ಲೇ ತುಳಿಯಬಹುದು. ಕೊನೆಯ ಹತ್ತು ನಿಮಿಷ ಮಾತ್ರ ನಿಧಾನವಾಗಿರಲಿ. ಮಂಗಳೂರಿನ ಸೆಕೆಗೂ ಕಲಬುರಗಿಯ ಬಿಸಿಲಿಗೂ ಈ ಮಾತು ಹೊಂದದು. ಅಲ್ಲಿ ಟಿ-ಶರ್ಟಿನಲ್ಲಿ ಹೊರಟು ಅಂಗಿ ಬದಲಿಸುವುದೇ ಸರಿ. ಅಂಗಿಯನ್ನು ಮಡಚಬೇಡಿ, ಸುರುಳಿ ಸುತ್ತಿ, ಗೆರೆ ಕಡಿಮೆ. ಬೂಟು, ಕೋಟು ಆಫೀಸಿನಲ್ಲೇ ಇರಲಿ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಲಾಗದಿದ್ದರೆ ಮೊದಲು ದೀಪಗಳು ಮತ್ತು ಹೆಲ್ಮೆಟ್, ಆಮೇಲೆ ಕಣಕಾಲಿನ ಪಟ್ಟಿ, ನಂತರ ಮಡ್‌ಗಾರ್ಡ್. ದುಬಾರಿ ಜೆರ್ಸಿಗೆ ಅವಸರವಿಲ್ಲ. ಬ್ರೇಕ್ ಸವೆದಿದ್ದರೆ ಮಾತ್ರ ಇವೆಲ್ಲಕ್ಕಿಂತ ಮೊದಲು ಅದನ್ನು ಬದಲಿಸಿ.