ಹಾವಿನ ಗೂಡಿಗೆ ಸಾಮಾನು ಕೊಳ್ಳುವ ಮೊದಲು

ಸರೀಸೃಪ ಪ್ರದರ್ಶನವೆಂದರೆ ಪಾಶ್ಚಾತ್ಯ ನಗರಗಳಲ್ಲಿ ಹಾವು, ಹಲ್ಲಿ, ಆಮೆಗಳನ್ನೂ ಅವುಗಳ ಗೂಡಿನ ಸಾಮಾನನ್ನೂ ಒಂದೇ ಸೂರಿನಡಿ ಮಾರುವ ಸಂತೆ. ಮೈಸೂರಿನಲ್ಲಾದರೆ ನೋಡುವುದಕ್ಕೆ ಮೃಗಾಲಯ, ಕೊಳ್ಳುವುದಕ್ಕೆ ಪೇಟೆ. ಸಗಟು ವ್ಯಾಪಾರವನ್ನು ಹೆಸರಿನಲ್ಲಿಯೇ ಹೊತ್ತಿರುವ ಮಂಡಿ ಮೊಹಲ್ಲಾದಲ್ಲಿ ತಂಗಿದವರಿಗೆ ಎರಡೂ ಹತ್ತಿರವಾದರೂ ಮೊದಲು ಮೃಗಾಲಯಕ್ಕೆ ಹೋಗಿಬರುವುದು ಲೇಸು, ಏಕೆಂದರೆ ಹಾವಿಗೆ ಬೇಕಾದದ್ದೇನು ಎಂಬುದು ಅಂಗಡಿಯಲ್ಲಿ ತಿಳಿಯುವುದಿಲ್ಲ.

ಕಾನೂನಿನ ಮಾತು ಇಲ್ಲಿಯೇ ಮುಗಿಯಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರ, ಕೇರೆ, ಹೆಬ್ಬಾವು ಮೊದಲಾದ ಈ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. ಆಫ್ರಿಕಾ ಮೂಲದ ಬಾಲ್ ಪೈಥಾನ್‌ನಂತಹ, ಸೈಟಿಸ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಹಾವನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

1892ರಲ್ಲಿ ಆರಂಭವಾದ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಅಶೋಕ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿ, ಹಾರ್ಡಿಂಜ್ ವೃತ್ತವನ್ನು ದಾಟಿ ಹೋಗಬಹುದು. ಮಂಗಳವಾರ ರಜೆ, ಒಳಗೆ ಪ್ಲಾಸ್ಟಿಕ್ ನಿಷಿದ್ಧ. ಕಾಳಿಂಗ ಸರ್ಪ, ಹೆಬ್ಬಾವು, ಹಸಿರು ಅನಕೊಂಡಗಳ ಮುಂದೆ ನಿಲ್ಲುವವರು ಹಾವಿನ ಉದ್ದಕ್ಕಿಂತ ಅದು ಮಲಗಿರುವ ಜಾಗವನ್ನು ಗಮನಿಸಬೇಕು: ಕೊರಡಿನ ಅಡಿಯೋ, ನೀರಿನ ಬದಿಯೋ, ಬಿಸಿಲಿನ ಮೂಲೆಯೋ. ಹಾವು ಶೀತರಕ್ತ ಪ್ರಾಣಿ, ಅಂದರೆ ಮೈಯ ಬಿಸಿಯನ್ನು ತನ್ನೊಳಗೆ ಉತ್ಪಾದಿಸದೆ ಹೊರಗಿನಿಂದ ಪಡೆಯುವಂಥದ್ದು, ಆದುದರಿಂದ ಬಿಸಿ ಮತ್ತು ತಂಪಿನ ನಡುವೆ ಸರಿದಾಡಲು ಅದಕ್ಕೆ ಅವಕಾಶವಿರಬೇಕು. ಗಾಜನ್ನು ತಟ್ಟಿದರೆ ಕಂಪನ ಹಾವಿನ ಮೈಗೆ ತಾಗುತ್ತದೆ; ಎದ್ದಾಡುವ ಹಾವನ್ನೇ ನೋಡಬೇಕೆಂಬ ಹಟದವರಿಗೆ ಈ ಭೇಟಿಯಿಂದ ಹೆಚ್ಚೇನೂ ದಕ್ಕುವುದಿಲ್ಲ.

ಪೇಟೆಯಲ್ಲಿ ಮೊದಲು ಕೊಳ್ಳಬೇಕಾದದ್ದು ಅಡಗುದಾಣ, ಅಂದರೆ ಹಾವು ಸುರುಳಿ ಸುತ್ತಿ ಕುಳಿತಾಗ ಮೈಗೆ ಗೋಡೆ ತಾಗುವಷ್ಟು ಮಾತ್ರ ಇಕ್ಕಟ್ಟಾದ ಮುಚ್ಚುಗೂಡು. ಇದು ಒಂದಲ್ಲ, ಎರಡು ಬೇಕು, ಏಕೆಂದರೆ ಬಿಸಿಯ ತುದಿಯಲ್ಲೊಂದು, ತಂಪಿನ ತುದಿಯಲ್ಲೊಂದು ಇಲ್ಲದಿದ್ದರೆ ಹಾವು ಸುರಕ್ಷತೆಗಾಗಿ ಬಿಸಿಯನ್ನೋ, ಬಿಸಿಗಾಗಿ ಸುರಕ್ಷತೆಯನ್ನೋ ಬಿಟ್ಟುಕೊಡಬೇಕಾಗುತ್ತದೆ. ಬಣ್ಣ ಬಳಿದ ದುಬಾರಿ ಗುಹೆಗಳಿಗಿಂತ, ಬಾಯಿಯ ಅಂಚನ್ನು ಉಜ್ಜಿ ನುಣುಪಾಗಿಸಿ ಅಡ್ಡ ಮಲಗಿಸಿದ ಮಣ್ಣಿನ ಕುಡಿಕೆಯೇ ಹಾವಿಗೆ ಮೇಲು, ಜೇಬಿಗೂ ಹಗುರ. ಗೂಡಿನ ತಳದ ಹಾಸಾಗಿ ತೊಳೆದ ತೆಂಗಿನ ನಾರಿನ ಪುಡಿ ಒಳ್ಳೆಯದು. ದೇವದಾರು ಜಾತಿಯ ಮರಗಳ ಹೊಟ್ಟಿನಿಂದ ಹೊಮ್ಮುವ ತೈಲದ ಆವಿ ಉಸಿರಾಟಕ್ಕೆ ಕೆಡುಕು. ಪೊರೆ ಬಿಡುವಾಗ, ಎಂದರೆ ಮೇಲ್ಚರ್ಮವನ್ನು ಕಳಚುವಾಗ, ಮೈ ಉಜ್ಜಿಕೊಳ್ಳಲು ಒರಟು ತೊಗಟೆಯ ಕೊಂಬೆಯೊಂದು ಇರಬೇಕು, ಆದರೆ ಬೇಲಿಯಿಂದ ಕಡಿದು ತಂದದ್ದನ್ನು ಕುದಿನೀರಿನಲ್ಲಿ ಅದ್ದಿ ಒಣಗಿಸದೆ ಬಳಸಬಾರದು, ಉಣ್ಣಿಯಂತಹ ರಕ್ತ ಹೀರುವ ಜೀವಿಗಳು ಅದರ ಬಿರುಕುಗಳಲ್ಲಿ ಅಡಗಿ ಬರುತ್ತವೆ. ಭಾರವಾದ ಕಲ್ಲುಗಳನ್ನು ಹಾಸಿನ ಮೇಲಿಡದೆ ಗೂಡಿನ ತಳಕ್ಕೇ ತಾಗಿಸಿ ನಿಲ್ಲಿಸಬೇಕು, ಇಲ್ಲವಾದರೆ ಅಡಿಯಲ್ಲಿ ತೋಡಿ ನುಸುಳುವ ಹಾವಿನ ಮೇಲೆ ಕಲ್ಲು ಕುಸಿಯುತ್ತದೆ. ಅಂಟುಪಟ್ಟಿಯನ್ನು ಗೂಡಿನೊಳಗೆ ಎಲ್ಲಿಯೂ ಬಳಸಬಾರದು. ಹಾವಿನ ಹುರುಪೆಗೆ ಅಂಟಿಕೊಂಡರೆ ಚರ್ಮವೇ ಕಿತ್ತುಬರಬಹುದು.

ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಮೈಸೂರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದರಿಂದ, ಬಿಸಿಯ ತುದಿಯಲ್ಲಿ 31–32 ಡಿಗ್ರಿ ಬಯಸುವ ಬಾಲ್ ಪೈಥಾನ್‌ಗೆ ಶಾಖದ ಹಾಳೆ ಬೇಕಾಗುತ್ತದೆ; ಅದನ್ನು ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ಹತೋಟಿಯಲ್ಲಿಡುವ ಉಪಕರಣ, ಇಲ್ಲದೆ ಹಚ್ಚಿದರೆ ಹಾವಿನ ಹೊಟ್ಟೆ ಸುಡಬಹುದಾದ್ದರಿಂದ, ಅಲಂಕಾರಕ್ಕೆಂದು ಎತ್ತಿಟ್ಟ ಹಣದಲ್ಲಿ ಮೊದಲ ಪಾಲು ಥರ್ಮೋಸ್ಟಾಟ್‌ಗೆ ಸಲ್ಲಬೇಕು.