ಬಣವಿ ಅಳೆಯೋದು ದೀಪಾವಳಿಗೆ

ತಮ್ಮಾ, ಮಳಿ ಕೈಕೊಟ್ಟದ ಅಂತ ಮುಗಲು ನೋಡ್ಕೋತ ಕುಂತೀದಿ. ಮುಗಲು ನೋಡಿದ್ದು ಸಾಕು, ಬಣವಿ ನೋಡು. ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮ್ಯಾಗ ದನ ಸೊರಗೋದು ಏಪ್ರಿಲ್, ಮೇ ತಿಂಗಳದಾಗ. ಆದ್ರ ಯಾವುದು ಉಳೀತದ, ಯಾವುದು ಹೋಗ್ತದ ಅನ್ನೋದು ದೀಪಾವಳಿ ಹೊತ್ತಿಗೇ ಗೊತ್ತಾಗಿರ್ತದ.

ಲೆಕ್ಕ ಹಾಕು. ಒಂದು ದೊಡ್ಡ ದನ ಜೀವ ಹಿಡ್ಕೊಂಡಿರಬೇಕಂದ್ರ ದಿನಕ್ಕ ಕಮ್ಮಿ ಅಂದ್ರೂ 6 ಕೆ.ಜಿ. ಒಣಮೇವು ಬೇಕು. ನಿನ್ನ ಹತ್ರ ಎರಡು ಎತ್ತು, ಒಂದು ಆಕಳು, ಒಂದು ಎಮ್ಮಿ. ಅಲ್ಲಿಗೆ ದಿನಕ್ಕ 24 ಕೆ.ಜಿ. ಸಂಕ್ರಾಂತಿಯಿಂದ ಹೊಸ ಹುಲ್ಲು ಬಾಯಿಗೆ ಸಿಗೋತನಕ ಆರು ತಿಂಗಳು ಹಿಡಿದ್ರ 43 ಕ್ವಿಂಟಾಲ್. ನಿನ್ನ ಹಿತ್ತಲದಾಗ ಅಷ್ಟು ಅದ ಏನು?

ಎಲ್ಲಿಂದ ಇರ್ತದ? ನಿನ್ನ ಹೊಲದಾಗ ಇರೋದು ಹತ್ತಿ, ತೊಗರಿ. ತೊಗರಿ ಹೊಟ್ಟು ದನಕ್ಕ ಆಗ್ತದ, ಹತ್ತಿಕಟ್ಟಿಗಿ ಒಲಿಗೆ ಅಷ್ಟೆ. ಮೊದಲ ಹಿಂಗಾರಿಗೆ ಬಿಳಿಜೋಳ ಬಿತ್ತತಿದ್ವಿ, ಮಾಲದಂಡಿ. ಕಾಳು ಮನಿಗೆ, ಕಣಕಿ ದನಕ್ಕ. ಹತ್ತಿ ಬಂದ ಮ್ಯಾಲ ರೊಕ್ಕ ಬಂತು, ಮೇವು ಹೋತು. ಮಳಿ ಇಲ್ಲದ್ದಕ್ಕ ಮೇವಿಲ್ಲ ಅಂತೀವಿ, ಆದ್ರ ಅರ್ಧ ಬರ ನಾವೇ ಬಿತ್ತಿದ್ದು. ಬರೋ ವರ್ಷ ಒಂದೆರಡು ಎಕರೆ ಜೋಳಕ್ಕ ಬಿಡು.

ಈ ವರ್ಷದ್ದು ಹ್ಯಾಂಗ ಅಂದ್ರ, ಮೇವು ಭಾಳ ದೂರ ಇಲ್ಲ. ನಾರಾಯಣಪುರ ಎಡದಂಡಿ ಕಾಲುವಿ ಕೆಳಗ, ಸುರಪುರ, ಶಹಾಪುರ ಕಡೆ ಭತ್ತ ಕೊಯ್ಯೋ ಮಷಿನ್ ಹೋದ ಮ್ಯಾಲ ಹುಲ್ಲು ಗದ್ದ್ಯಾಗ ಚೆಲ್ಲಿ ಬಿದ್ದಿರ್ತದ. ಎಷ್ಟೋ ಮಂದಿ ಅದಕ್ಕ ಬೆಂಕಿ ಹಚ್ಚತಾರ. ಇತ್ತ ಯಾದಗಿರಿ, ಗುರುಮಠಕಲ್ ಕಡೆ ಒಣಭೂಮಿಯವರು ಅದೇ ಹುಲ್ಲಿಲ್ಲದೇ ಎತ್ತು ಮಾರ್ತಾರ. ಒಂದೇ ಜಿಲ್ಲಾದಾಗ ಇದು ನಡೀತದ ಅಂದ್ರ ಹೊಟ್ಟಿ ಉರೀತದ.

ಭತ್ತದ ಹುಲ್ಲಿನಾಗ ಕಸುವು ಕಮ್ಮಿ, ಅದಕ್ಕ ಯೂರಿಯಾ ಉಪಚಾರ ಮಾಡು. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ, 50 ಲೀಟರ್ ನೀರಿನಾಗ ಪೂರಾ ಕರಗಿಸಿ, ಪದರ ಪದರ ಚಿಮುಕಿಸಿ, ತುಳಿದು, ಗಾಳಿ ಆಡದಂಗ ತಾಡಪತ್ರಿ ಮುಚ್ಚು. 21 ದಿನ ಬಿಟ್ಟು ತೆಗಿ. ತಿನ್ನಿಸೋ ಮುಂದ ಸ್ವಲ್ಪ ಹೊತ್ತು ಗಾಳಿಗೆ ಹರವು, ಘಾಟು ಹೋಗ್ಲಿ. ಆರು ತಿಂಗಳ ಒಳಗಿನ ಕರಕ್ಕ ಹಾಕಬ್ಯಾಡ. ಯೂರಿಯಾ ಕರಗಿಸಿದ ಬಕೆಟ್ ಮಾತ್ರ ದನದ ಕಣ್ಣಿಗೆ ಬೀಳಬಾರದು. ನೀರು ಅಂತ ಕುಡೀತಂದ್ರ ಉಳಿಯೋದು ಕಷ್ಟ. ಹುಲ್ಲು ಕತ್ತರಿಸಿ ಹಾಕು, ಕಾಲಾಗ ತುಳಿದು ಹಾಳಾಗೋದು ತಪ್ಪತದ. ಜೊತಿಗೆ ಸ್ವಲ್ಪ ಉಪ್ಪು, ದಿನಾ ಖನಿಜ ಮಿಶ್ರಣ. ಬರದಾಗ ದನ ಎಲುಬು, ಪ್ಲಾಸ್ಟಿಕ್ ಅಗೀತಾವಲ್ಲ, ಅದು ಬರೇ ಹಸಿವಿಗಲ್ಲ, ಖನಿಜದ ಕೊರತಿಗೂ ಹೌದು.

ಇನ್ನೊಂದು ಮಾತು ಗಟ್ಟಿ ನೆನಪಿಡು. ಮಳಿ ಇಲ್ಲದೇ ಮೊಣಕಾಲುದ್ದಕ್ಕ ಬಾಡಿ ನಿಂತ ಎಳೆ ಜೋಳದಾಗ ದನ ಬಿಡಬ್ಯಾಡ. "ಹೆಂಗೂ ಬೆಳಿ ಹೋತು, ದನರೆ ಮೇಯಲಿ" ಅಂತ ಅನಸ್ತದ. ಅಂಥಾ ಜೋಳದಾಗ ಸೈನೈಡ್ ವಿಷ ಏರಿರ್ತದ. ಕೊಯ್ದ ಕೂಳಿ ಒಂದು ಮಳಿಗೆ ಮತ್ತ ಚಿಗಿತಂದ್ರ ಅದೂ ಹಂಗೇ. ಮೇಯ್ದ ದನ ಏದುಸಿರು ಬಿಟ್ಟು, ನಡುಗಿ, ನೊರಿ ಕಾರಿ, ಗಳಿಗ್ಯಾಗ ಬೀಳ್ತದ. ಮನಿಮದ್ದು ಅಂತ ಹೊತ್ತು ಕಳೀಬ್ಯಾಡ. 1962ಕ್ಕ ಫೋನ್ ಹಚ್ಚು, ಪಶು ಸಂಜೀವಿನಿ ಗಾಡಿ ಬರ್ತದ. ಡಾಕ್ಟರ್ ಕಡೆ ಇದಕ್ಕ ಇಂಜೆಕ್ಷನ್ ಅದ. ಹೂವಾಡಿ, ಬಲಿತು, ಚೆಂದಾಗಿ ಒಣಗಿದ ಕಣಕಿಗೆ ಈ ಭಯ ಕಮ್ಮಿ.

ಮಾರೋ ಮಾತು ಕಷ್ಟ, ಆದ್ರೂ ಹೇಳ್ತೀನಿ. ಲೆಕ್ಕದಾಗ ಮೇವು ಮೂರಕ್ಕ ಮಾತ್ರ ಸಾಲ್ತದ ಅಂದ್ರ ನಾಲ್ಕನೇದನ್ನ ಈಗಲೇ ಸಂತಿಗೆ ಹೊಡಿ. ಮೈಯಾಗ ಮಾಂಸ ಇದ್ದಾಗ ಬೆಲಿ ಬರ್ತದ. ಬ್ಯಾಸಿಗ್ಯಾಗ ಎಲ್ಲಾರೂ ಹೊಡಕೊಂಡು ಬರ್ತಾರ, ಆಗ ದಲ್ಲಾಳಿ ಹೇಳಿದ್ದೇ ರೇಟು. ಇಟ್ಕೊಳ್ಳೋದಾದ್ರ ಗಬ್ಬಾದ ಹರೇದ ಆಕಳು ಇಟ್ಕೋ. ಬತ್ತಿದ ಮುದಿ ಎಮ್ಮಿ ಮ್ಯಾಲ ಜೀವ ಅದ ಅಂತ ಎಲ್ಲಾವನ್ನೂ ಅರೆಹೊಟ್ಟಿ ಕೆಡವಬ್ಯಾಡ.

ಸರ್ಕಾರ ಮಾಡ್ತದ, ಆದ್ರ ತಡಾ ಮಾಡ್ತದ. 2023ರ ಸೆಪ್ಟೆಂಬರದಾಗ ಮೊದಲ 195 ತಾಲ್ಲೂಕು ಬರಪೀಡಿತ ಅಂದ್ರು, ಆಮ್ಯಾಲ ರಾಜ್ಯದ 236ರಾಗ 223 ತಾಲ್ಲೂಕು ಆದವು. ಘೋಷಣಿ ಆಗಿ ಮೇವಿನ ಬ್ಯಾಂಕ್ ಬಾಗಿಲು ತೆಗಿಯೋದ್ರಾಗ ದನದ ಎಲುಬು ಎಣಿಸಬಹುದು. ಬೋರಿನಾಗ ನೀರಿದ್ರ ಪಶು ಆಸ್ಪತ್ರ್ಯಾಗ ಮೇವಿನ ಬೀಜದ ಕಿರುಪೊಟ್ಟಣ ಕೇಳು. ತಿಳೀದಿದ್ರ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕ ಹೋಗು, ಇಲ್ಲಾ ಭೀಮರಾಯನಗುಡಿ ಕೃಷಿ ಕಾಲೇಜಿಗೆ ಹೋಗು. ಕೇಳಾಕ ರೊಕ್ಕ ಹತ್ತೂದಿಲ್ಲ.

ಭತ್ತದ ಕೊಯ್ಲು ಶುರು ಆಗೋಕಿಂತ ಮೊದಲ ಒಂದಿನ ಸುರಪುರ ಕಡೆ ಹೋಗು. ಗದ್ದಿಯವ್ರ ಜೊತಿ ಮಾತಾಡಿ, ಹುಲ್ಲು ಸುಡಬ್ಯಾಡ್ರಿ, ನಾ ಒಯ್ತೀನಿ ಅಂತ ಕೈ ಮುಗಿದು ಹೇಳು. ಓಣಿಯವ್ರು ನಾಲ್ಕು ಮಂದಿ ಕೂಡಿದ್ರ ಟ್ರ್ಯಾಕ್ಟರ್ ಬಾಡಿಗಿ ಹಂಚಿ ಹೋಗ್ತದ. ಆ ಬಾಡಿಗಿ ಮಾತು ಈ ವಾರದಾಗೇ ಮುಗಿಸು.